ಪಾಲೆ ಕಷಾಯದಿಂದ ಆಯುಷ್-64ರವರೆಗೆ: ನಂಬಿಕೆ ಎಷ್ಟು, ಪುರಾವೆ ಎಷ್ಟು?

ಮಳೆಗಾಲ ಬಂತೆಂದರೆ ಮುಂಬಯಿ, ಠಾಣೆ, ಪುಣೆಯ ತುಳು-ಕನ್ನಡಿಗ ಸಂಘ ಸಂಸ್ಥೆಗಳಲ್ಲಿ 'ಆಟಿಡೊಂಜಿ ದಿನ' ಕಾರ್ಯಕ್ರಮಗಳು ಸಾಲುಸಾಲಾಗಿ ನಡೆಯುತ್ತವೆ. ಪತ್ರೊಡೆ, ತಿಮರೆ ಚಟ್ನಿ, ಮೆಂತೆ ಗಂಜಿಯ ಜೊತೆಗೆ ಪಾಲೆ ಮರದ ತೊಗಟೆಯ ಕಷಾಯವನ್ನೂ ಹಲವೆಡೆ ಹಂಚಲಾಗುತ್ತದೆ. ಊರಿನ ಆಚಾರವನ್ನು ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ತೋರಿಸಿಕೊಡುವ ಸಂಘಟಕರ ಕಾಳಜಿ ಮೆಚ್ಚತಕ್ಕದ್ದೇ. ಆದರೆ ಕೊರೊನಾ ಬಂದು ಹೋದ ಮೇಲೆ ಈ ಕಷಾಯದ ಬಗೆಗಿನ ಮಾತು ಬದಲಾಗಿದೆ. ಹಿಂದೆ 'ಆಟಿಯ ಮದ್ದು' ಎಂದಷ್ಟೇ ಕರೆಸಿಕೊಳ್ಳುತ್ತಿದ್ದ ಅದು ಈಗ 'ವೈರಸ್ ನಾಶಕ', 'ಶ್ವಾಸಕೋಶದ ರಕ್ಷಾಕವಚ' ಎಂಬ ಬಿರುದುಗಳನ್ನು ಹೊತ್ತು ವಾಟ್ಸಾಪಿನಲ್ಲಿ ಓಡಾಡುತ್ತಿದೆ.

ಇದಕ್ಕೆ ಕಾರಣ ಇಲ್ಲದಿಲ್ಲ. ಕೇಂದ್ರದ ಆಯುಷ್ ಸಚಿವಾಲಯವು 2021ರ ಏಪ್ರಿಲ್‌ನಲ್ಲಿ, ಎರಡನೇ ಅಲೆ ತೀವ್ರವಾಗಿದ್ದ ದಿನಗಳಲ್ಲಿ, 'ಆಯುಷ್-64' ಎಂಬ ಗುಳಿಗೆಯು ಲಕ್ಷಣರಹಿತ, ಸೌಮ್ಯ ಹಾಗೂ ಮಧ್ಯಮ ಸ್ವರೂಪದ ಕೊರೊನಾಕ್ಕೆ ಉಪಯುಕ್ತವೆಂದು ಪ್ರಕಟಿಸಿತು. 1980ರಲ್ಲಿ ಮಲೇರಿಯಾಕ್ಕೆಂದು ಸಿದ್ಧಪಡಿಸಿದ ಈ ಗುಳಿಗೆಯಲ್ಲಿ ನಾಲ್ಕು ಸಸ್ಯಗಳಿವೆ: ಕಟುಕರೋಹಿಣಿ, ಕಿರಾತತಿಕ್ತ, ಗಜ್ಜುಗ ಮತ್ತು ಸಪ್ತಪರ್ಣ. ಈ ಸಪ್ತಪರ್ಣವೇ ನಮ್ಮ ಪಾಲೆ, ಕನ್ನಡದ ಹಾಲೆ ಮರ. ಮುಂಬಯಿಯ ರಸ್ತೆಗಳ ಇಕ್ಕೆಲದಲ್ಲಿ ಅಕ್ಟೋಬರ್ ಹೊತ್ತಿಗೆ ತೀಕ್ಷ್ಣ ವಾಸನೆಯ ಹೂ ಬಿಡುವ ಮರವೂ ಇದೇ. ನಮ್ಮ ಹಿರಿಯರ ಮದ್ದಿಗೆ ದಿಲ್ಲಿಯ ಮುದ್ರೆ ಬಿತ್ತೆಂದು ಹೆಮ್ಮೆಪಟ್ಟವರು ಅನೇಕರು.

ಹೆಮ್ಮೆ ಪಡಲು ಅಡ್ಡಿಯಿಲ್ಲ. ಆದರೆ ಗಿಡಮೂಲಿಕೆಯ ಸಾರದಿಂದ ಉಸಿರಾಟದ ವೈರಸ್ ರೋಗ ವಾಸಿಯಾಗುತ್ತದೆಯೇ, ಬರದಂತೆ ತಡೆಯಬಹುದೇ ಎಂಬುದು ಹೆಮ್ಮೆಯಿಂದ ಇತ್ಯರ್ಥವಾಗುವ ಪ್ರಶ್ನೆಯಲ್ಲ. ಇತ್ತೀಚಿನ ಮೂರು ಘಟನೆಗಳು ಈ ಪ್ರಶ್ನೆಯನ್ನು ಮತ್ತೆ ಮುಂದಕ್ಕೆ ತಂದಿವೆ. 2025ರ ಜನವರಿಯಲ್ಲಿ ಬೆಂಗಳೂರಿನ ಇಬ್ಬರು ಶಿಶುಗಳಲ್ಲಿ ಎಚ್‌ಎಂಪಿವಿ ವೈರಸ್ ಪತ್ತೆಯಾದ ಸುದ್ದಿ ಬಂದಾಗ ಕಷಾಯದ ಸಂದೇಶಗಳಿಗೆ ಮರುಜೀವ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಆಯುರ್ವೇದ ಔಷಧಿಗಳ ಜಾಹೀರಾತು ಕುರಿತ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ ಮುಕ್ತಾಯಗೊಳಿಸಿತು. ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕಲಬೆರಕೆ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಪ್ರಾಣ ಕಳೆದುಕೊಂಡಾಗ, 'ಇಂಗ್ಲಿಷ್ ಮದ್ದಿನ ಸಹವಾಸವೇ ಬೇಡ, ನಮ್ಮ ಗಿಡಮೂಲಿಕೆಯೇ ಸಾಕು' ಎಂಬ ಮಾತು ಮನೆಮನೆಯಲ್ಲೂ ಕೇಳಿಬಂತು.

ಗಿಡದಿಂದ ಬಂದ ಮದ್ದು ಸುಳ್ಳಲ್ಲ

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಗಿಡಮೂಲಿಕೆಯೆಂದರೆ ಮೂಢನಂಬಿಕೆ ಎಂದು ತಳ್ಳಿಹಾಕುವವರ ಪಕ್ಷವೂ ಸರಿಯಲ್ಲ. ನಮ್ಮ ಊರಿನ ಬೇಲಿಗಳಲ್ಲಿ ಬೆಳೆಯುವ ಆಡುಸೋಗೆಯನ್ನೇ ನೋಡಿ. ಮರಾಠಿಯಲ್ಲಿ ಇದು ಅಡುಳಸಾ. ಇದರ ಎಲೆಯಲ್ಲಿ ವ್ಯಾಸಿಸಿನ್ ಎಂಬ ಅಂಶವಿದೆ. ಅದರ ರಚನೆಯ ಆಧಾರದಲ್ಲಿ ಬ್ರೋಮ್‌ಹೆಕ್ಸಿನ್ ಎಂಬ ಔಷಧಿ ತಯಾರಾಯಿತು, ಅದರಿಂದ ಆಂಬ್ರಾಕ್ಸಾಲ್ ಬಂತು. ಇಂದು ಡಾಕ್ಟರು ಬರೆದುಕೊಡುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಇರುವುದು ಇವೇ. ಅಜ್ಜಿಯ ಆಡುಸೋಗೆ ಕಷಾಯಕ್ಕೂ ಮೆಡಿಕಲ್ ಅಂಗಡಿಯ ಬಾಟಲಿಗೂ ಹೀಗೆ ನೆಂಟಸ್ತಿಕೆ ಇದೆ. ಆದರೆ ಇವೆರಡೂ ಮಾಡುವುದು ಕಫವನ್ನು ತೆಳುವಾಗಿಸುವ ಕೆಲಸ. ವೈರಸ್ಸನ್ನು ಕೊಲ್ಲುವ ಕೆಲಸವಲ್ಲ.

ವೈರಸ್ಸನ್ನೇ ಎದುರಿಸುವ ಔಷಧಿಗೂ ಗಿಡದ ಸಂಬಂಧವಿರುವ ಉದಾಹರಣೆ ಇದೆ. 2009ರಲ್ಲಿ ಹಂದಿಜ್ವರ ಬಂದು, ದೇಶದ ಮೊದಲ ಸಾವು ಪುಣೆಯಲ್ಲಿ ಸಂಭವಿಸಿದಾಗ ಎಲ್ಲರ ಬಾಯಲ್ಲೂ ಇದ್ದ ಹೆಸರು ಟ್ಯಾಮಿಫ್ಲೂ. ಅದನ್ನು ತಯಾರಿಸಲು ಬೇಕಾದ ಶಿಕಿಮಿಕ್ ಆಮ್ಲವನ್ನು ಬಹುಕಾಲ ಚಕ್ರಮೊಗ್ಗಿನಿಂದಲೇ ತೆಗೆಯಲಾಗುತ್ತಿತ್ತು. ಹಾಗೆಂದು ಪಲಾವಿಗೆ ನಾಲ್ಕು ಚಕ್ರಮೊಗ್ಗು ಹೆಚ್ಚು ಹಾಕಿದರೆ ಜ್ವರ ಹೋಗದು. ಆ ಆಮ್ಲವು ಕಾರ್ಖಾನೆಯಲ್ಲಿ ಹಲವಾರು ರಾಸಾಯನಿಕ ಹಂತಗಳನ್ನು ದಾಟಿದ ಮೇಲೆಯೇ ಔಷಧಿಯಾಗುತ್ತದೆ. ಹತ್ತಿ ಬೆಳೆದಲ್ಲಿ ಅಂಗಿ ಬೆಳೆಯುವುದಿಲ್ಲವಷ್ಟೇ!

ಪ್ರಯೋಗಶಾಲೆಯ ಗೆಲುವು ಮನುಷ್ಯನ ಗೆಲುವಲ್ಲ

ಪತ್ರಿಕೆಗಳಲ್ಲಿ ಆಗಾಗ 'ಇಂಥ ಗಿಡದ ಸಾರ ಕೊರೊನಾ ವೈರಸ್ಸನ್ನು ತಡೆಯುತ್ತದೆ: ಸಂಶೋಧನೆ' ಎಂಬ ತಲೆಬರಹ ಕಾಣುತ್ತೇವೆ. ಇಂಥ ಸುದ್ದಿಯನ್ನು ಓದುವಾಗ ಆ ಪ್ರಯೋಗ ಯಾವ ಮಟ್ಟದಲ್ಲಿ ನಡೆದದ್ದು ಎಂದು ನೋಡುವುದು ಅಗತ್ಯ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದೇ? ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಮಾಡಿದ್ದೇ? ಇಲಿಯ ಮೇಲೆಯೇ? ಅಥವಾ ಮನುಷ್ಯರ ಮೇಲೆಯೇ? ಮನುಷ್ಯರ ಮೇಲಾದರೆ ಎಷ್ಟು ಜನ, ಯಾರೊಡನೆ ಹೋಲಿಸಿ?

ಜೇಷ್ಠಮಧುವಿನ ಕಥೆಯನ್ನು ಇಲ್ಲಿ ನೆನೆಯಬಹುದು. 2003ರಲ್ಲಿ ಸಾರ್ಸ್ ರೋಗ ಹಬ್ಬಿದಾಗ ಜರ್ಮನಿಯ ಫ್ರಾಂಕ್‌ಫರ್ಟ್‌ನ ವಿಜ್ಞಾನಿಗಳು ಜೇಷ್ಠಮಧುವಿನ ಗ್ಲಿಸಿರೈಜಿನ್ ಎಂಬ ಅಂಶವು ಆ ವೈರಸ್ಸಿನ ಬೆಳವಣಿಗೆಯನ್ನು ತಡೆಯುತ್ತದೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೆ ಅದು ಜೀವಕೋಶಗಳ ಮೇಲಿನ ಪ್ರಯೋಗ. ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸಲು ಲೀಟರಿಗೆ 300 ಮಿಲಿಗ್ರಾಂನಷ್ಟು ಸಾಂದ್ರತೆ ಬೇಕಾಗಿತ್ತು. ನಾವು ಬಾಯಿಂದ ಕುಡಿದ ಕಷಾಯದ ಗ್ಲಿಸಿರೈಜಿನ್ ಹೆಚ್ಚಾಗಿ ಕರುಳಿನಲ್ಲೇ ಬೇರೆ ರೂಪಕ್ಕೆ ತಿರುಗುವುದರಿಂದ ರಕ್ತದಲ್ಲಿ ಆ ಮಟ್ಟ ತಲುಪುವುದಿಲ್ಲ. ಮಟ್ಟ ಏರಲಿ ಎಂದು ದಿನವೂ ಹೆಚ್ಚು ಹೆಚ್ಚು ಸೇವಿಸಿದರೆ ದೇಹದ ಪೊಟ್ಯಾಶಿಯಂ ಇಳಿದು ರಕ್ತದೊತ್ತಡ ಏರುತ್ತದೆ. ವೈರಸ್ ಹೋಗಲಿಲ್ಲ, ಬಿಪಿ ಮಾತ್ರ ಬಂತು ಎಂಬಂತಾಗುತ್ತದೆ. ನಮ್ಮ ಸಂಘಗಳ ಹಿರಿಯ ಸದಸ್ಯರಲ್ಲಿ ಬಿಪಿ ಗುಳಿಗೆ ನುಂಗುವವರು ಎಷ್ಟು ಮಂದಿ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಗಿಡಮೂಲದ ಮದ್ದನ್ನು ದೊಡ್ಡ ಪ್ರಮಾಣದಲ್ಲಿ, ಪ್ರಾಮಾಣಿಕವಾಗಿ ಪರೀಕ್ಷಿಸಿದ ನಿದರ್ಶನವೂ ಇದೆ. ತಮಿಳುನಾಡಿನ ರಾಜ್ಯಪುಷ್ಪವಾದ ಅಗ್ನಿಶಿಖೆಯಲ್ಲಿ ಕೋಲ್ಚಿಸಿನ್ ಎಂಬ ಅಂಶವಿದೆ. ಇದು ಸಂಧಿವಾತದ ಒಂದು ಬಗೆಗೆ ಹಿಂದಿನಿಂದಲೂ ಬಳಕೆಯಲ್ಲಿರುವ ಔಷಧಿ. ಬ್ರಿಟನ್ನಿನ 'ರಿಕವರಿ' ಅಧ್ಯಯನದಲ್ಲಿ ಆಸ್ಪತ್ರೆ ಸೇರಿದ 11,000ಕ್ಕೂ ಹೆಚ್ಚು ಕೊರೊನಾ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೋಲ್ಚಿಸಿನ್ ಕೊಟ್ಟರು. ಎರಡೂ ಗುಂಪುಗಳಲ್ಲಿ ಸತ್ತವರ ಪ್ರಮಾಣ ಶೇಕಡ 21. ಉಪಯೋಗವಿಲ್ಲವೆಂದು 2021ರಲ್ಲಿ ಆ ಭಾಗವನ್ನು ನಿಲ್ಲಿಸಲಾಯಿತು. ಇದೇ ಅಧ್ಯಯನವು 2020ರ ಜೂನ್‌ನಲ್ಲಿ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ತೀವ್ರ ರೋಗಿಗಳ ಜೀವ ಉಳಿಸುತ್ತದೆಂದು ತೋರಿಸಿ ಲೋಕಕ್ಕೆ ಉಪಕಾರ ಮಾಡಿತು. ಅಲ್ಲಿ ಗಿಡದ ಮದ್ದೆಂಬ ದ್ವೇಷವಿರಲಿಲ್ಲ, ಕಂಪನಿಯ ಮದ್ದೆಂಬ ಪ್ರೀತಿಯೂ ಇರಲಿಲ್ಲ. ಎಲ್ಲಕ್ಕೂ ಒಂದೇ ತಕ್ಕಡಿ.

ಆಯುಷ್-64ರ ಪರೀಕ್ಷೆ ಹೇಳಿದ್ದೇನು?

ಅದೇ ತಕ್ಕಡಿಯಲ್ಲಿ ಆಯುಷ್-64ನ್ನು ಇಟ್ಟು ನೋಡೋಣ. ಲಖನೌ, ವಾರ್ಧಾ ಮತ್ತು ನಮ್ಮ ಮುಂಬಯಿಯ ಮಹಾನಗರ ಪಾಲಿಕೆಯ ಕೋವಿಡ್ ಕೇಂದ್ರದಲ್ಲಿ 140 ರೋಗಿಗಳ ಮೇಲೆ ಇದರ ಪರೀಕ್ಷೆ ನಡೆಯಿತು. 70 ಮಂದಿಗೆ ಎಂದಿನ ಚಿಕಿತ್ಸೆ, ಇನ್ನುಳಿದ 70 ಮಂದಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಈ ಗುಳಿಗೆ. ಗುಳಿಗೆ ಸೇವಿಸಿದವರು ಬೇಗ ಚೇತರಿಸಿಕೊಂಡರು, ಆಸ್ಪತ್ರೆಯಲ್ಲಿದ್ದ ದಿನಗಳು ಕಡಿಮೆಯಾದವು ಎಂದು ಸಚಿವಾಲಯ ತಿಳಿಸಿತು.

ಇದು ನಿರ್ಲಕ್ಷಿಸುವಂಥದ್ದಲ್ಲ. ಆದರೆ ಮೂರು ಅಂಶಗಳನ್ನು ಗಮನಿಸಬೇಕು. ಒಂದು, ಗುಳಿಗೆ ಕೊಟ್ಟದ್ದು ಎಂದಿನ ಚಿಕಿತ್ಸೆಯ ಜೊತೆಗೆ, ಅದರ ಬದಲಿಗೆ ಅಲ್ಲ. ಎರಡು, ಯಾರಿಗೆ ಗುಳಿಗೆ ಸಿಕ್ಕಿದೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿತ್ತು. 'ನನಗೆ ಹೊಸ ಮದ್ದು ಸಿಕ್ಕಿದೆ' ಎಂಬ ಧೈರ್ಯವೇ ಅರ್ಧ ಆಯಾಸವನ್ನು ಇಳಿಸಬಲ್ಲದು. ಮೂರು, ಸೌಮ್ಯ ಕೊರೊನಾ ಬಂದವರಲ್ಲಿ ಬಹುಪಾಲು ಜನ ಏನೂ ಮಾಡದಿದ್ದರೂ ಗುಣವಾಗುತ್ತಾರೆ. ಅಂಥ ರೋಗದಲ್ಲಿ 70 ಜನರ ಗುಂಪಿನಿಂದ ಸಾವು ತಪ್ಪಿತೇ ಎಂದು ಹೇಳಲಾಗದು.

ಸಣ್ಣ ಸಂಖ್ಯೆ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಥಾಯ್ಲೆಂಡ್ ಸಾಕ್ಷಿ. ಅಲ್ಲಿನ ಸರಕಾರ ನಮ್ಮ ನೆಲಬೇವನ್ನು ಸೌಮ್ಯ ಕೊರೊನಾಕ್ಕೆ ಬಳಸಲು ಅನುಮತಿ ಕೊಟ್ಟು, ಜೈಲುಗಳಲ್ಲೂ ಹಂಚಿತು. ನೆಲಬೇವು ನ್ಯುಮೋನಿಯಾ ತಡೆಯುತ್ತದೆ ಎಂದು ಸಾರಿದ ಒಂದು ಅಧ್ಯಯನವನ್ನು, ಅಂಕಿಸಂಖ್ಯೆಯ ಲೆಕ್ಕಾಚಾರದಲ್ಲಿ ತಪ್ಪಾಗಿದೆಯೆಂದು ಅದನ್ನು ಬರೆದವರೇ 2021ರಲ್ಲಿ ಹಿಂದಕ್ಕೆ ಪಡೆದರು. ಲೆಕ್ಕ ತಾಳೆಯಾಗದಿದ್ದಾಗ ತಾವಾಗಿ ಹೇಳಿದರಲ್ಲ, ಅದು ದೊಡ್ಡ ಗುಣ. ಆದರೆ ಮೊದಲಿನ ಸುದ್ದಿ ಓಡಿದಷ್ಟು ವೇಗವಾಗಿ ತಿದ್ದುಪಡಿ ಓಡುವುದಿಲ್ಲ.

ಗುರುತು ತಪ್ಪಿದರೆ ಗತಿ?

ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕುಳಿತವನಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಹೆಸರು ಒಂದೇ ಇದ್ದ ಮಾತ್ರಕ್ಕೆ ಖಾತೆ ಒಂದೇ ಅಲ್ಲ, ಸಹಿ ತಾಳೆ ನೋಡಲೇಬೇಕು. ಗಿಡಮೂಲಿಕೆಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಅಮೃತಬಳ್ಳಿಯನ್ನೇ ತೆಗೆದುಕೊಳ್ಳಿ. ಮರಾಠಿಯಲ್ಲಿ ಗುಳವೇಲ, ಹಿಂದಿಯಲ್ಲಿ ಗಿಲೋಯ್. 2020ರಲ್ಲಿ ರೋಗನಿರೋಧಕ ಶಕ್ತಿಯ ಹೆಸರಿನಲ್ಲಿ ಇದರ ರಸ, ಪುಡಿ, ಗುಳಿಗೆಗಳು ಮನೆಮನೆ ಸೇರಿದವು. ಹೌಸಿಂಗ್ ಸೊಸೈಟಿಗಳ ಗೋಡೆ, ಮರಗಳಿಂದ ಬಳ್ಳಿ ಕಿತ್ತು ದಿನವೂ ಕುದಿಸಿ ಕುಡಿದವರಿದ್ದರು. ಅದೇ ವರ್ಷದ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿಯಲ್ಲಿ ಇದನ್ನು ಸೇವಿಸಿ ಯಕೃತ್ತಿಗೆ ಹಾನಿಯಾದ 6 ರೋಗಿಗಳ ವಿವರವನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ ಇಂಥದೇ 43 ಪ್ರಕರಣಗಳು ವರದಿಯಾದವು. ಸೇವಿಸಲಾರಂಭಿಸಿದ ಮೇಲೆ ತೊಂದರೆ ಕಾಣಿಸಿಕೊಳ್ಳಲು ಹಿಡಿದ ಕಾಲ ಸುಮಾರು ಒಂದೂವರೆ ತಿಂಗಳು.

ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ 'ಟಿನೋಸ್ಪೋರಾ ಕ್ರಿಸ್ಪಾ' ಎಂಬ ಇನ್ನೊಂದು ಬಳ್ಳಿಯನ್ನು ಜನ ಬಳಸಿರಬಹುದು ಎಂಬುದು ಆಯುಷ್ ಸಚಿವಾಲಯದ ವಾದ. ಆ ಬಳ್ಳಿಯ ಕಾಂಡದಲ್ಲಿ ಗಂಟುಗಂಟು ಉಬ್ಬುಗಳಿರುತ್ತವೆ, ಕತ್ತರಿಸಿದರೆ ಹಾಲು ಒಸರುತ್ತದೆ ಎಂದು 2022ರ ಫೆಬ್ರವರಿಯಲ್ಲಿ ಅದು ವಿವರಣೆ ನೀಡಿತು. ವೈದ್ಯರು ಮತ್ತು ಸಚಿವಾಲಯದ ಚರ್ಚೆ ಏನೇ ಇರಲಿ, ಸಾಮಾನ್ಯ ಗ್ರಾಹಕನ ಪಾಲಿಗೆ ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಬಳ್ಳಿಯೇ ತೊಂದರೆ ಮಾಡಿದ್ದಾದರೆ ದಿನನಿತ್ಯ ಕುಡಿಯಬಾರದು. ಬೇರೆ ಬಳ್ಳಿ ಬೆರೆತದ್ದಾದರೆ ಗುರುತು ಖಾತ್ರಿಯಿಲ್ಲದ್ದನ್ನು ಕುಡಿಯಬಾರದು.

ಹೆಸರಿನ ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಆಯುಷ್-64ರಲ್ಲಿರುವ ಕಿರಾತತಿಕ್ತ ಹಿಮಾಲಯದ ಗಿಡ. ನಮ್ಮ ಕರಾವಳಿಯಲ್ಲಿ ಕಿರಾತಕಡ್ಡಿ ಎಂದು ಕರೆಯುವುದು ನೆಲಬೇವನ್ನು. ಎರಡೂ ಕಹಿ, ಆದರೆ ಗಿಡ ಬೇರೆ, ಗುಣ ಬೇರೆ.

ಪಾಲೆಯ ವಿಷಯದಲ್ಲಂತೂ ತಪ್ಪು ಪ್ರಾಣಕ್ಕೇ ಎರವಾಗಬಲ್ಲದು. ಆಟಿ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮೊದಲೇ, ಕತ್ತಲಲ್ಲಿ ತೊಗಟೆ ತೆಗೆಯುವುದು ಪದ್ಧತಿ. ಆ ಕತ್ತಲಲ್ಲಿ ಪಾಲೆಯ ಬದಲು ಕಾಸರಕದ, ಅಂದರೆ ತುಳುವಿನ ಕಾಯೆರ್ ಮರದ ತೊಗಟೆ ಬಂದರೆ ಅದು ಸ್ಟ್ರಿಕ್ನೀನ್ ಎಂಬ ಘೋರ ವಿಷ. ಪಾಲೆಗೆ ಒಂದೇ ಗಂಟಿನಲ್ಲಿ ಸುತ್ತಲೂ ಏಳರಷ್ಟು ಎಲೆಗಳಿರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಬರುತ್ತದೆ. ಕಾಸರಕಕ್ಕೆ ಎದುರುಬದುರು ಎರಡೇ ಎಲೆ, ಹಾಲಿಲ್ಲ. ಊರಿನಲ್ಲಿ ಹಿಂದಿನ ದಿನವೇ ಹೋಗಿ ಮರ ಗುರುತಿಟ್ಟು ಬರುವ ಪದ್ಧತಿ ಹಲವೆಡೆ ಇರುವುದು ಸುಮ್ಮನೆ ಅಲ್ಲ. ನಗರದಲ್ಲಿ ನಮ್ಮ ಕೈಗೆ ಬರುವುದು ಊರಿನಿಂದ ಬಸ್ಸಿನಲ್ಲಿ ಬಂದ ತೊಗಟೆಯ ಕಟ್ಟು. ಎಲೆಯೂ ಇಲ್ಲ, ಹಾಲೂ ಒಣಗಿದೆ. ಗುರುತು ಹಿಡಿಯುವವರು ಯಾರು?

ಕಾನೂನಿನ ಬೇಲಿ ಸಡಿಲ

ಮಾರುಕಟ್ಟೆಯ ಬಾಟಲಿಯಾದರೂ ನಂಬೋಣವೆಂದರೆ ಅಲ್ಲಿಯೂ ಎಚ್ಚರ ಬೇಕು. ಪ್ರಾಚೀನ ಗ್ರಂಥಗಳಲ್ಲಿ ಹೇಳಿದ ಸೂತ್ರದಂತೆ ತಯಾರಿಸಿದ ಔಷಧಿಗೆ ಲೈಸೆನ್ಸ್ ಪಡೆಯಲು ರೋಗಿಗಳ ಮೇಲೆ ಹೊಸದಾಗಿ ಪರೀಕ್ಷೆ ನಡೆಸುವ ಕಡ್ಡಾಯ ನಮ್ಮ ಕಾನೂನಿನಲ್ಲಿಲ್ಲ. ಆದುದರಿಂದ ಲೇಬಲ್ ಮೇಲಿನ ಲೈಸೆನ್ಸ್ ನಂಬರು ತಯಾರಿಕೆಗೆ ಅನುಮತಿಯೇ ಹೊರತು ಫ್ಲೂ ವಾಸಿಯಾಗುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ.

ಜಾಹೀರಾತಿನ ಮೇಲೆ ಕಡಿವಾಣವಾಗಿ 2018ರಲ್ಲಿ 170ನೇ ನಿಯಮ ಬಂದಿತ್ತು. ರಾಜ್ಯದ ಲೈಸೆನ್ಸ್ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಆಯುಷ್ ಔಷಧಿಯ ಜಾಹೀರಾತು ಕೊಡುವಂತಿರಲಿಲ್ಲ. 2024ರ ಜುಲೈಯಲ್ಲಿ ಕೇಂದ್ರ ಸರಕಾರ ಈ ನಿಯಮವನ್ನೇ ತೆಗೆದುಹಾಕಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತಾದರೂ 2025ರ ಆಗಸ್ಟ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘದ ಅರ್ಜಿಯನ್ನು ಮುಕ್ತಾಯಗೊಳಿಸಿದಾಗ ಆ ತಡೆಯೂ ಹೋಯಿತು. ಸುಳ್ಳು ಹೇಳುವ ಪರವಾನಗಿ ಸಿಕ್ಕಿತೆಂದು ಇದರ ಅರ್ಥವಲ್ಲ. 1954ರ ಆಕ್ಷೇಪಾರ್ಹ ಜಾಹೀರಾತು ಕಾಯಿದೆ ಇದೆ. ದಾರಿ ತಪ್ಪಿಸುವ ಜಾಹೀರಾತು ಹಾಗೂ ಅಡ್ಡಪರಿಣಾಮಗಳ ಕುರಿತು ದೂರು ಸಲ್ಲಿಸಲು 2025ರ ಮೇಯಲ್ಲಿ 'ಆಯುಷ್ ಸುರಕ್ಷಾ' ಎಂಬ ಜಾಲತಾಣವೂ ಆರಂಭವಾಯಿತು. ಆದರೆ ಮೊದಲು ಪರಿಶೀಲನೆ, ಆಮೇಲೆ ಪ್ರಚಾರ ಎಂಬ ಕ್ರಮ ಹೋಗಿ ಮೊದಲು ಪ್ರಚಾರ, ಆಮೇಲೆ ದೂರು ಎಂಬಂತಾಗಿದೆ. ದೂರು ಕೊಡುವ ಹೊಣೆ ಈಗ ನಿಮ್ಮ ನಮ್ಮ ಮೇಲೆ ಬಿದ್ದಿದೆ.

ಇನ್ನು ಕೆಮ್ಮಿನ ಸಿರಪ್ಪಿನ ದುರಂತ. ಛಿಂದ್ವಾಡದ ಮಕ್ಕಳನ್ನು ಕೊಂದದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ದ್ರಾವಕ. ಶೇಕಡ 0.1ಕ್ಕಿಂತ ಹೆಚ್ಚಿರಬಾರದ ಅದು ಆ ಸಿರಪ್ಪಿನಲ್ಲಿ ಶೇಕಡ 48.6ರಷ್ಟಿತ್ತು. ತಪಾಸಣೆ ಇಲ್ಲದೆ ಬಾಟಲಿ ಹೊರಬಂದದ್ದೇ ಅಲ್ಲಿನ ಪಾಠ. ಸಿರಪ್ಪಿಗೆ ತಪಾಸಣೆ ಬೇಕೆಂದು ಸಿಟ್ಟಾಗುವ ನಾವು ಕಷಾಯದ ಪುಡಿಗೆ ತಪಾಸಣೆಯೇ ಬೇಡವೆನ್ನುವುದು ಯಾವ ನ್ಯಾಯ?

ಹಿರಿಯರ ಅಳತೆ, ನಮ್ಮ ಅಳತೆ

ವಾಸ್ತವವಾಗಿ ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಹೆಚ್ಚು ಜಾಗರೂಕರಾಗಿದ್ದರು. ಪಾಲೆ ಕಷಾಯ ವರ್ಷಕ್ಕೆ ಒಂದೇ ದಿನ. ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ ಕಾಯಿಸಿದ್ದು ಒಂದು ಸಣ್ಣ ಲೋಟ. ಉಷ್ಣವೆಂದು ಅದರ ಬೆನ್ನಿಗೇ ಮೆಂತೆ ಗಂಜಿ. ಯಾವ ಮರ, ಯಾವ ದಿನ, ಎಷ್ಟು, ಆಮೇಲೆ ಏನು ಎಂಬ ನಾಲ್ಕೂ ಪ್ರಶ್ನೆಗಳಿಗೆ ಆಚಾರದಲ್ಲೇ ಉತ್ತರವಿತ್ತು. 2020ರಲ್ಲಿ ನಾವು ಮಾಡಿದ್ದು ದಿನಕ್ಕೆ ಮೂರು ಬಾರಿ, ತಿಂಗಳುಗಟ್ಟಲೆ, ಹತ್ತು ಬಗೆಯ ಪುಡಿಗಳ ಮಿಶ್ರಣ. ಇದನ್ನು ಹಿರಿಯರ ಪದ್ಧತಿಯೆಂದು ಕರೆದರೆ ಹಿರಿಯರಿಗೇ ಅವಮಾನ.

ಸಂಘಗಳು ಮಾಡಬಹುದಾದದ್ದು

ಆಟಿಯ ಕಾರ್ಯಕ್ರಮ ನಿಲ್ಲಿಸಬೇಕೆಂದು ಈ ಲೇಖನದ ಆಶಯವಲ್ಲ. ಅದು ನಡೆಯಲಿ. ಆದರೆ ಪದಾಧಿಕಾರಿಗಳು ಕೆಲವು ಕ್ರಮಗಳನ್ನು ಕೈಗೊಂಡರೆ ಒಳಿತು. ತೊಗಟೆ ಎಲ್ಲಿಂದ ಬಂತು, ಮರವನ್ನು ಹಗಲಲ್ಲಿ ಗುರುತಿಸಿದವರು ಯಾರು ಎಂಬುದು ಖಚಿತವಿದ್ದರೆ ಮಾತ್ರ ಕಷಾಯ ಹಂಚಲಿ. ಖಚಿತವಿಲ್ಲದಿದ್ದರೆ ಆ ವರ್ಷ ಮೆಂತೆ ಗಂಜಿಯೊಂದೇ ಇರಲಿ, ಯಾರೂ ಬೇಸರಿಸಲಾರರು. ವಾಹನದ ಹೊಗೆ ಕುಡಿದ ರಸ್ತೆ ಬದಿಯ ಮರದ ತೊಗಟೆ ಬೇಡವೇ ಬೇಡ. ಗರ್ಭಿಣಿಯರು, ಚಿಕ್ಕ ಮಕ್ಕಳು, ಯಕೃತ್ತು-ಮೂತ್ರಪಿಂಡದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಗುಳಿಗೆ ಸೇವಿಸುವವರು ಕುಡಿಯಬಾರದೆಂದು ವೇದಿಕೆಯಿಂದಲೇ ಪ್ರಕಟಿಸಲಿ. ಕರಪತ್ರದಲ್ಲಿ 'ಆಟಿಯ ಆಚಾರ' ಎಂದಿರಲಿ, 'ಕೊರೊನಾ ನಿವಾರಕ' ಎಂದಿರುವುದು ಬೇಡ.

ನಮ್ಮ ಅನೇಕ ಸಂಘಗಳು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣಾ ಶಿಬಿರ ನಡೆಸುತ್ತವೆ. ಅಲ್ಲಿ ಸಕ್ಕರೆ, ಬಿಪಿ ನೋಡುವುದರ ಜೊತೆಗೆ ಹಿರಿಯ ನಾಗರಿಕರಿಗೆ ಫ್ಲೂ ಲಸಿಕೆಯ ಬಗ್ಗೆ ವೈದ್ಯರಿಂದ ಮಾಹಿತಿ ಕೊಡಿಸಬಹುದು. ಫ್ಲೂ ವೈರಸ್ ರೂಪ ಬದಲಿಸುವುದರಿಂದ ಈ ಲಸಿಕೆಯನ್ನು ವರ್ಷಕ್ಕೊಮ್ಮೆ ತೆಗೆದುಕೊಳ್ಳಬೇಕಾಗುತ್ತದೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಸೇವಿಸುತ್ತಿರುವ ಕಷಾಯ, ಚೂರ್ಣಗಳ ಹೆಸರನ್ನು ವೈದ್ಯರಿಗೆ ಮುಚ್ಚಿಡದೆ ಹೇಳುವ ಅಭ್ಯಾಸವನ್ನೂ ಬೆಳೆಸಬೇಕು. ಬೈಯುತ್ತಾರೆಂಬ ಹೆದರಿಕೆಯಿಂದ ಬಚ್ಚಿಟ್ಟರೆ ಕಾಮಾಲೆಯ ಕಾರಣ ಹುಡುಕುವುದರಲ್ಲೇ ದಿನಗಳು ಕಳೆದುಹೋಗುತ್ತವೆ.

ಸಾಮಾನ್ಯ ಶೀತ, ಗಂಟಲು ಕೆರೆತಕ್ಕೆ ಶುಂಠಿ, ತುಳಸಿ, ಕರಿಮೆಣಸಿನ ಬಿಸಿ ಕಷಾಯ ಹಿತವೆನಿಸಿದರೆ ಮಿತವಾಗಿ ಕುಡಿಯುವುದರಲ್ಲಿ ತಪ್ಪಿಲ್ಲ. ಕೆಮ್ಮಿಗೆ ಜೇನು ಉಪಶಮನ ನೀಡುತ್ತದೆಂಬುದನ್ನು ಬ್ರಿಟನ್ನಿನ ಚಿಕಿತ್ಸಾ ಸೂಚಿಯೂ ಒಪ್ಪಿದೆ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಉಸಿರು ಕಟ್ಟಿದರೆ, ಆಕ್ಸಿಮೀಟರ್ ಅಂಕಿ 94ಕ್ಕಿಂತ ಕೆಳಗಿಳಿದರೆ, ಮೂರು ದಿನವಾದರೂ ಜ್ವರ ಬಿಡದಿದ್ದರೆ, ವಯಸ್ಸಾದವರು ಮಂಕಾಗಿ ಮಲಗಿಬಿಟ್ಟರೆ ಒಲೆಯ ಮೇಲಿನ ಪಾತ್ರೆ ಇಳಿಸಿ ಆಸ್ಪತ್ರೆಗೆ ಹೊರಡಬೇಕು. ಎರಡನೇ ಅಲೆಯಲ್ಲಿ 'ಇನ್ನೊಂದು ದಿನ ಕಷಾಯ ಕುಡಿದು ನೋಡೋಣ' ಎಂದು ಕಾದವರನ್ನು ನಮ್ಮ ಎಷ್ಟೋ ಕುಟುಂಬಗಳು ಕಳೆದುಕೊಂಡಿವೆ.

ಗಿಡಮೂಲಿಕೆಗಳಲ್ಲಿ ನಾಳೆ ಒಂದು ಒಳ್ಳೆಯ ವೈರಸ್ ಮದ್ದು ಸಿಗಬಹುದು. ಆಡುಸೋಗೆಯಿಂದ ಸಿರಪ್ ಬಂದಂತೆ ಪಾಲೆಯಿಂದಲೂ ಏನಾದರೂ ಬರಬಹುದು. ಬಂದರೆ ಎಲ್ಲರಿಗಿಂತ ಮೊದಲು ಸಂತೋಷಪಡುವವರು ನಾವೇ. ಅಲ್ಲಿಯವರೆಗೆ ಪಾಲೆ ಕಷಾಯ ನಮ್ಮ ಆಟಿಯ ಆಚಾರವಾಗಿ, ವರ್ಷಕ್ಕೊಂದು ಲೋಟವಾಗಿ, ಗುರುತು ಖಾತ್ರಿಯಾದ ಮರದ್ದಾಗಿ ಇರಲಿ.